ಬಿಚ್ಚಿ ಹಾಕುವ ವಿಂಡ್‌ಶೀಲ್ಡ್: ಮೂರು ಕೊಂಡೆ, ಒಂದು ಉಳಿಯಿತು

ಈಗ ನನ್ನ ಬೈಕ್ ಮೇಲಿರುವುದು ಮೂರನೇ ವಿಂಡ್‌ಶೀಲ್ಡ್, ಅಂದರೆ ಗಾಳಿ ತಡೆಯುವ ಪಾರದರ್ಶಕ ಹಾಳೆ. ಫೋರ್ಕ್‌ಗೆ (ಮುಂದಿನ ಚಕ್ರ ಹಿಡಿದಿರುವ ಜೋಡಿ ಕೊಳವೆಗೆ) ಕೂರುವಂಥದ್ದು, ಎರಡು ಲಿವರ್ ಎತ್ತಿದರೆ ಕೈಗೆ ಬರುತ್ತದೆ. ಇದನ್ನೇ ಮೊದಲು ಕೊಂಡಿದ್ದರೆ ಇನ್ನೆರಡರ ದುಡ್ಡು ಉಳಿಯುತ್ತಿತ್ತು. ಆ ಹೊಟ್ಟೆಯುರಿಗೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೊಂಡಿದ್ದು ಹೆಡ್‌ಲೈಟ್ ಮೇಲೆ ಕೂರುವ ಚಿಕ್ಕ ಶೀಲ್ಡ್. ಅಗ್ಗ, ನೋಡಲು ಚೆಂದ, ಹಾಕುವುದು ತೆಗೆಯುವುದು ಸಲೀಸು. ಗಂಟೆಗೆ 70 ಕಿಲೋಮೀಟರ್ ತನಕ ಸುಖವಾಗಿತ್ತು. ಎದೆಗೆ ಬಡಿಯುತ್ತಿದ್ದ ಗಾಳಿ ನಿಂತೇ ಹೋಗಿತ್ತು. 80 ದಾಟಿದ್ದೇ ತಡ, ಹೆಲ್ಮೆಟ್ ಒಳಗೆ ಯಾರೋ ತಗಡು ಬಡಿದಂತೆ ಸದ್ದು ಶುರುವಾಯಿತು. ಆಮೇಲೆ ತಲೆಯೇ ಅಲ್ಲಾಡತೊಡಗಿತು. ಮುಂದಿನ ಗಾಡಿಯ ನಂಬರ್ ಪ್ಲೇಟ್ ಎರಡೆರಡಾಗಿ ಕಾಣುತ್ತಿತ್ತು.

ನಾನು ಬೈದಿದ್ದು ಹೆಲ್ಮೆಟ್‌ಗೆ. ಪಟ್ಟಿ ಬಿಗಿ ಮಾಡಿದೆ. ವೈಸರ್ ಬದಲಾಯಿಸಿದೆ. ಗೆಳೆಯನ ಹೆಲ್ಮೆಟ್ ತಂದು ಹಾಕಿ ನೋಡಿದೆ, ಅದರಲ್ಲೂ ಅದೇ ತಗಡು. ಕೊನೆಗೊಂದು ದಿನ ಖಾಲಿ ರಸ್ತೆಯಲ್ಲಿ ಫುಟ್‌ರೆಸ್ಟ್ ಮೇಲೆ ಸ್ವಲ್ಪ ಎದ್ದು ನಿಂತೆ. ಸದ್ದು ಮಾಯ, ಬರೀ ಗಾಳಿ. ಟ್ಯಾಂಕ್ ಮೇಲೆ ಬಗ್ಗಿದೆ. ಆಗಲೂ ಮಾಯ. ನೆಟ್ಟಗೆ ಕೂತರೆ ಮಾತ್ರ ಬಡಿತ.

ಆಗ ಅರ್ಥವಾಯಿತು. ಶೀಲ್ಡ್ ಗಾಳಿಯನ್ನು ನುಂಗುವುದಿಲ್ಲ, ಬೇರೆ ಕಡೆ ಕಳಿಸುತ್ತದೆ ಅಷ್ಟೆ. ಮೇಲಿನ ಅಂಚು ದಾಟಿದ ಗಾಳಿ ಸುಳಿಸುಳಿಯಾಗಿ ಹಿಂದಕ್ಕೆ ಬರುತ್ತದೆ. ನನ್ನ ಎತ್ತರಕ್ಕೆ ಆ ಸುಳಿ ಸರಿಯಾಗಿ ಗದ್ದದ ಹತ್ತಿರ ಸಿಗುತ್ತಿತ್ತು. ವೇಗ ಏರಿದಂತೆ ಗಾಳಿಯ ಏಟೂ ಸುಮ್ನೆ ಅಷ್ಟೇ ಏರುವುದಿಲ್ಲ. 60ರಿಂದ 90ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಏಟು ಎರಡೂಕಾಲು ಪಟ್ಟು. 70ರಲ್ಲಿ ಸುಮ್ಮನಿದ್ದ ಶೀಲ್ಡ್ 85ರಲ್ಲಿ ರಾಕ್ಷಸ ಆಗಿದ್ದು ಹೀಗೆ. ತಮಾಷೆ ಅಂದ್ರೆ, ನನಗಿಂತ ನಾಲ್ಕು ಬೆರಳು ಕುಳ್ಳನಾದ ಗೆಳೆಯ ಅದೇ ಶೀಲ್ಡ್ ಇದ್ದ ನನ್ನ ಬೈಕ್ ಓಡಿಸಿ, 'ಚೆನ್ನಾಗೇ ಇದೆಯಲ್ಲೋ' ಅಂದ.

ಸಿಟ್ಟಿಗೆ ಎರಡನೆಯದು ತೀರಾ ಉದ್ದದ್ದು ಕೊಂಡೆ. 22 ಮಿಲಿಮೀಟರ್ ದಪ್ಪದ ಹ್ಯಾಂಡಲ್‌ಗೆ ನಾಲ್ಕು ಕ್ಲಾಂಪ್, ಅಂದರೆ ಬಿಗಿಯುವ ಹಿಡಿಕೆ. ಗಾಳಿ ತಡೆಯುವುದರಲ್ಲಿ ಮೂರರಲ್ಲಿ ಇದೇ ಮೇಲು, ಒಪ್ಪಿಕೊಳ್ಳಬೇಕು. ಆದರೆ ಅಂಚು ನನ್ನ ಕಣ್ಣಿನ ಮಟ್ಟಕ್ಕೇ ಬಂದು ರಸ್ತೆಯನ್ನು ಎರಡು ಹೋಳು ಮಾಡುತ್ತಿತ್ತು. ರಾತ್ರಿ ಮಳೆಯಲ್ಲಿ ಎದುರು ಗಾಡಿಯ ಬೆಳಕು ಹಾಳೆಯ ತುಂಬ ಚೆಲ್ಲಾಪಿಲ್ಲಿ. ಲಾರಿ ಪಕ್ಕದಲ್ಲಿ ಹೋದರೆ ಹ್ಯಾಂಡಲ್ ಎಳೆದಂತಾಗುತ್ತಿತ್ತು. ಇನ್ನು ಬಿಚ್ಚುವುದು? ಅಲೆನ್ ಕೀ ಹಿಡಿದು ಇಪ್ಪತ್ತು ನಿಮಿಷ. ಮತ್ತೆ ಹಾಕುವಾಗ ನಾಲ್ಕೂ ಕ್ಲಾಂಪ್ ಒಂದೇ ಕೋನಕ್ಕೆ ಬರಲು ಇನ್ನಷ್ಟು. ಹೆಸರಿಗೆ ಮಾತ್ರ ಬಿಚ್ಚುವ ಶೀಲ್ಡ್. ಎರಡು ತಿಂಗಳು ನಾನು ಬಿಚ್ಚಲೇ ಇಲ್ಲ.

ಮೂರನೆಯದು ದುಬಾರಿ. ಫೋರ್ಕ್ ಮೇಲೆ ಬ್ರಾಕೆಟ್ ಕಾಯಂ ಆಗಿ ಇರುತ್ತದೆ, ಹಾಳೆ ಅದರ ರಬ್ಬರ್ ಬುಷ್‌ಗಳ ಮೇಲೆ ಕೂರುತ್ತದೆ. ಲಿವರ್ ಒತ್ತಿದರೆ 'ಟಕ್' ಅನ್ನಬೇಕು. ಅನ್ನದಿದ್ದರೆ ಕೂತಿಲ್ಲ ಅಂತ ಲೆಕ್ಕ. ಅಂಚು ಮೂಗಿನ ತುದಿಯ ಮಟ್ಟಕ್ಕಿದೆ. ಹಾಗಾಗಿ ರಸ್ತೆಯನ್ನು ಹಾಳೆಯ ಮೇಲಿಂದ ನೋಡುತ್ತೇನೆ, ಸುಳಿ ತಲೆಯ ಮೇಲಿಂದ ಹೋಗುತ್ತದೆ. ಕೆಳಗೆ ಎರಡು ಬೆರಳಿನಷ್ಟು ಸಂದಿಯೂ ಇದೆ. ಮೊದಲು ಇದನ್ನು ಕೆಲಸಗೇಡಿತನ ಅಂದುಕೊಂಡಿದ್ದೆ. ಉದ್ದದ ಶೀಲ್ಡ್ ಹಿಂದೆ ಬೆನ್ನಿಗೆ ಯಾರೋ ಕೈ ಹಾಕಿ ಮುಂದಕ್ಕೆ ತಳ್ಳಿದ ಹಾಗೆ ಆಗುತ್ತಿತ್ತು, ಹಾಳೆಯ ಹಿಂದೆ ಒತ್ತಡ ಕಮ್ಮಿಯಾಗುವುದರಿಂದ. ಸಂದಿಯಿಂದ ಸ್ವಲ್ಪ ಗಾಳಿ ಒಳಗೆ ಬಂದರೆ ಆ ಎಳೆತ ತಗ್ಗುತ್ತದೆ.

ಇದರಲ್ಲೂ ಕೊರತೆ ಇದೆ. ಫೋರ್ಕ್ ದಪ್ಪ ಟೇಪಿನಲ್ಲಿ ಅಳೆದು ಆರ್ಡರ್ ಮಾಡಿ ಒಮ್ಮೆ ಬ್ರಾಕೆಟ್ ವಾಪಸ್ ಕಳಿಸಿದೆ. ದಪ್ಪವನ್ನು ನಿಖರವಾಗಿ ಅಳೆಯುವ ವರ್ನಿಯರ್ ಕ್ಯಾಲಿಪರ್‌ನಲ್ಲೇ ಅಳೆಯಿರಿ. ಹಾಳೆ ತೆಗೆದಾಗ ಬ್ರಾಕೆಟ್‌ಗಳು ಬೋಳು ಬೋಳಾಗಿ ಕಾಣುತ್ತವೆ. ಹೆಲ್ಮೆಟ್ ಸದ್ದು ಪೂರ್ತಿ ನಿಲ್ಲುವುದಿಲ್ಲ, ದೂರದ ದಾರಿಗೆ ಇಯರ್‌ಪ್ಲಗ್ ಈಗಲೂ ಬೇಕು. ಹಾಳೆ ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್ಕಿನದಾದರೆ ಅಮೋನಿಯಾ ಇರುವ ಗಾಜಿನ ಕ್ಲೀನರ್ ಹತ್ತಿರ ತರಬೇಡಿ. ಸೋಪು ನೀರು, ಮೆತ್ತನೆ ಬಟ್ಟೆ ಸಾಕು.

ನಾನು ವಾರವಿಡೀ ಟ್ರಾಫಿಕ್‌ನಲ್ಲಿ ತೆವಳುವವನು. ಅಲ್ಲಿ ಮೈಗೆ ಗಾಳಿ ಬೇಕು. ದೂರ ಹೋಗುವುದು ರಜೆಯಲ್ಲಿ ಮಾತ್ರ. ಅದಕ್ಕೇ ಒಂದು ನಿಮಿಷದಲ್ಲಿ ಬಿಚ್ಚಬೇಕು ಅನ್ನುವುದಕ್ಕೆ ಜಾಸ್ತಿ ದುಡ್ಡು ಕೊಟ್ಟೆ. ದಿನಾ ಹೆದ್ದಾರಿಯಲ್ಲೇ ಓಡಾಡುವವರಿಗೆ ಬಿಚ್ಚುವ ಗೊಡವೆಯೇ ಇಲ್ಲ, ಅಲ್ವಾ? ಅವರು ಕ್ಲಾಂಪ್‌ನದ್ದೇ ಕೊಳ್ಳಲಿ, ಕಣ್ಣಿಗಿಂತ ತಗ್ಗಿನದು.

ಚಿಕ್ಕದನ್ನು ಆ ಗೆಳೆಯನಿಗೇ ಕೊಟ್ಟೆ. ಉದ್ದದ್ದು ಅಟ್ಟದ ಮೇಲಿದೆ, ಒಂದು ವಾಷರ್ ಕಮ್ಮಿ.