ಮಂಡ್ಯದ ಬೆಲ್ಲಕ್ಕೆ ರೈಲೋ ಲಾರಿಯೋ: ಗೂಡ್ಸ್, ಪಾರ್ಸೆಲ್ ಸೇವೆ ಹೇಗಿದೆ

ದೂರದೂರಿಗೆ ರೈಲು ಒಳ್ಳೆಯದು, ಹತ್ತಿರಕ್ಕೆ ಬೇಡ. ಬಾಡಿಗೆ ದರವೊಂದನ್ನೇ ನೋಡಿ ಲೆಕ್ಕ ಹಾಕುವವರು ಎಡವುವುದು ಎರಡು ತುದಿಯ ಖರ್ಚಿನಲ್ಲಿ.

ಮಂಡ್ಯದ ಮಂಡಿಯಿಂದ ಲಾರಿಯಲ್ಲಿ ಕಳಿಸಿದ ಬೆಲ್ಲವನ್ನು ಹಮಾಲರು ಮುಟ್ಟುವುದು ಎರಡೇ ಸಲ: ಏರಿಸುವಾಗ, ಇಳಿಸುವಾಗ. ರೈಲಿಗಾದರೆ ಮಂಡಿಯಲ್ಲಿ ಲಾರಿಗೆ ಏರಿಸಬೇಕು, ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಇಳಿಸಬೇಕು, ವ್ಯಾಗನ್ನಿಗೆ ತುಂಬಬೇಕು. ಆ ಊರಿನಲ್ಲೂ ಮತ್ತೆ ಇಷ್ಟೇ. ಆರು ಸಲದ ಕೂಲಿ. ಕೊಕ್ಕೆ ಬಿದ್ದ ಕಡೆಯೆಲ್ಲ ಚೀಲ ಹರಿಯುತ್ತದೆ, ಅಚ್ಚು ಒಡೆಯುತ್ತದೆ, ಪುಡಿಯಾದ ಬೆಲ್ಲಕ್ಕೆ ರೇಟು ಬೀಳುತ್ತದೆ.

ಗೂಡ್ಸ್ ರೈಲಿಗೆ ಕನಿಷ್ಠ 100 ಕಿ.ಮೀ. ಬಾಡಿಗೆ ಕಟ್ಟಬೇಕು. ಮಂಡ್ಯದಿಂದ ಬೆಂಗಳೂರು ಅಷ್ಟು ದೂರವೂ ಇಲ್ಲ. ಅಲ್ಲಿಗೆ ಟೋಲ್ ಕಟ್ಟಿಯೂ ಲಾರಿಯೇ ವಾಸಿ. ರಾತ್ರಿ ತುಂಬಿದ ಮಾಲು ಬೆಳಗ್ಗೆ ಅಂಗಡಿ ಬಾಗಿಲಲ್ಲಿರುತ್ತದೆ.

ಅಕ್ಕಿ, ಗೊಬ್ಬರ, ಸಿಮೆಂಟಿನವರ ಲೆಕ್ಕ ಬೇರೆ. 42 ಮುಚ್ಚಿದ ವ್ಯಾಗನ್ನಿನ ಒಂದು ರೇಕ್ ಸುಮಾರು 2,600 ಟನ್ ಹೊರುತ್ತದೆ. ಹತ್ತು ಚಕ್ರದ ಲಾರಿಗೆ 18 ಟನ್ ಹಿಡಿದರೂ 140ಕ್ಕಿಂತ ಹೆಚ್ಚು ಲಾರಿಯ ಮಾಲು! ಆದರೆ ಇಳಿಸಲು ಕೊಟ್ಟ ಅವಧಿ ಮುಗಿದರೆ ವ್ಯಾಗನ್ನಿಗೆ ಗಂಟೆಗೆ 150 ರೂಪಾಯಿ ಡೆಮರೇಜ್ (ತಡಮಾಡಿದ್ದಕ್ಕೆ ದಂಡ), ಅಂದರೆ ಇಡೀ ರೇಕಿಗೆ ಗಂಟೆಗೆ 6,300. ಇಳಿಸಿದ ಮಾಲು ಶೆಡ್ಡಿನಲ್ಲೇ ಉಳಿದರೆ ವಾರ್ಫೇಜ್ ಎಂಬ ಜಾಗದ ಶುಲ್ಕ ಬೇರೆ. ರೇಕ್ ನಡುರಾತ್ರಿಯೂ ಬಂದು ನಿಲ್ಲಬಹುದು, ಹಾಗಾಗಿ ಲಾರಿ, ಹಮಾಲರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಬಾಡಿಗೆಯಲ್ಲಿ ಉಳಿಸಿದ್ದೆಲ್ಲ ಕೈಬಿಡುವುದು ಇಲ್ಲೇ. ಪ್ರಯಾಣಿಕರ ಟಿಕೆಟ್ಟಿನ ನಷ್ಟವನ್ನು ಸರಕಿನ ಬಾಡಿಗೆಯಿಂದ ತುಂಬಿಸುವ ಪದ್ಧತಿ ಇರುವತನಕ ಗೂಡ್ಸ್ ದರ ಇಳಿಯಬೇಕಾದಷ್ಟು ಇಳಿಯುವುದಿಲ್ಲ. ಇದು ನಿಜಕ್ಕೂ ಬೇಸರದ ವಿಷಯ.

ಬೆಲ್ಲದ ವರ್ತಕರೊಬ್ಬರ ಬಳಿ ರೇಕ್ ತುಂಬುವಷ್ಟು ಮಾಲು ಎಲ್ಲಿಂದ ಬರಬೇಕು? ಅವರಿಗೆ ಒಗ್ಗುವುದು ಪ್ರಯಾಣಿಕರ ರೈಲಿಗೆ ಜೋಡಿಸುವ ಸರಕಿನ ಬೋಗಿ, ಅಂದರೆ ಪಾರ್ಸೆಲ್ ವ್ಯಾನ್. ಒಂದಕ್ಕೆ 23 ಟನ್ ಹಿಡಿಯುತ್ತದೆ. ಗಾರ್ಡ್ ಬೋಗಿಯ ಲಗೇಜ್ ಕೋಣೆಯಲ್ಲಿ 4 ಟನ್. ಮಂಡ್ಯದಲ್ಲಿ ಎಕ್ಸ್‌ಪ್ರೆಸ್ ನಿಲ್ಲುವ ಒಂದೆರಡು ನಿಮಿಷದಲ್ಲಿ ಹೆಚ್ಚು ಮಾಲು ಏರಿಸಲಾಗದು. ರೈಲು ಹೊರಡುವ ಮೈಸೂರಿನಲ್ಲೇ ತುಂಬಿಸಿ. ಗುಜರಾತಿಗೆ ಮೈಸೂರು–ಅಜ್ಮೀರ್ ಎಕ್ಸ್‌ಪ್ರೆಸ್ ಇದೆ, ಅಹಮದಾಬಾದ್ ದಾರಿಯಲ್ಲೇ ಸಿಗುತ್ತದೆ. ಇಷ್ಟು ದೂರಕ್ಕೆ ಆರು ಸಲದ ಕೂಲಿ ಕೊಟ್ಟರೂ ಲೆಕ್ಕ ಹೊಂದುತ್ತದೆ. ಎರಡೂ ಕಡೆಯ ಕೂಲಿ, ಲಾರಿ ಬಾಡಿಗೆ ಸೇರಿಸಿ ಲಾರಿಯವರ ಒಟ್ಟು ದರದ ಪಕ್ಕದಲ್ಲಿ ಬರೆದು ನೋಡಿ.

ಮಳೆಗಾಲದಲ್ಲಿ ಬೆಲ್ಲ ಗಾಳಿಯ ತೇವ ಹೀರಿ ನೀರೊಡೆಯುತ್ತದೆ. ಚೀಲದೊಳಗೆ ಪ್ಲಾಸ್ಟಿಕ್ ಹಾಳೆ ಇರಲಿ, ವ್ಯಾನಿನ ಬಾಗಿಲಿಂದ ಒಂದಡಿ ಬಿಟ್ಟು ಪೇರಿಸಿ, ಪ್ಲಾಟ್‌ಫಾರಂ ನೆಲದ ಮೇಲೆ ಬರಿದಾಗಿ ಇಡಬೇಡಿ. ಪ್ರತಿ ಚೀಲದ ಎರಡೂ ಮುಖಕ್ಕೆ ತಲುಪಬೇಕಾದ ಸ್ಟೇಷನ್ ಹೆಸರು ಬರೆಸಿ. ಒಂದೇ ಕಡೆ ಬರೆದದ್ದು ಉಜ್ಜಿ ಅಳಿಸಿಹೋದರೆ ಚೀಲ ಇನ್ನೆಲ್ಲೋ ಇಳಿಯುತ್ತದೆ.

ಬೆಲೆ ಘೋಷಿಸದೆ ಬುಕ್ ಮಾಡಿದ ಪಾರ್ಸೆಲ್ ಕಳೆದರೆ ಪರಿಹಾರ ಕೆ.ಜಿ.ಗೆ 50 ರೂಪಾಯಿಗೆ ಸೀಮಿತ. ಬೆಲ್ಲಕ್ಕೆ ಅದು ಹೆಚ್ಚುಕಡಿಮೆ ಸಾಕು. ಅದೇ ವ್ಯಾನಿನಲ್ಲಿ ರೇಷ್ಮೆ ಸೀರೆ ಕಳಿಸುವವರು ಮಾತ್ರ ಬೆಲೆ ಬರೆಸಿ, ಅದರ ಹೆಚ್ಚುವರಿ ಶುಲ್ಕ ಕಟ್ಟಿಯೇ ರಸೀದಿ ಪಡೆಯಿರಿ.