ಸಣ್ಣ ಸಾಫ್ಟ್‌ವೇರ್ ಕಂಪನಿಗಳ ಆದಾಯ ನೋಡೋಕೆ ದುಡ್ಡು ಕೊಟ್ಟು ಕೊಳ್ಳೋ ಡೇಟಾಬೇಸಾ, ಓಪನ್ ಡ್ಯಾಶ್‌ಬೋರ್ಡಾ?

ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ಓಪನ್ ಡ್ಯಾಶ್‌ಬೋರ್ಡ್‌ಗೆ, ಅಂದ್ರೆ ಕಂಪನಿಗಳೇ ತಮ್ಮ ಆದಾಯನ ಎಲ್ಲರಿಗೂ ಕಾಣೋ ಹಾಗೆ ಹಾಕೋ ಪುಟಕ್ಕೆ. ಹೂಡಿಕೆದಾರರ ದುಡ್ಡಿಲ್ದೆ ನಡೀತಿರೋ ಬೂಟ್‌ಸ್ಟ್ರ್ಯಾಪ್ಡ್ ಕಂಪನಿಗಳು ನಿಜಕ್ಕೂ ಎಷ್ಟು ದುಡೀತಾವೆ ಅಂತ ನೋಡಿ ನಾನು ಮಾಡ್ತಿರೋ ಟೂಲ್‌ಗೆ ಬೆಲೆ ಇಡ್ಬೇಕಿತ್ತು, ಅದಕ್ಕೇಂತ ಕಂಪನಿಗಳ ಮಾಹಿತಿ ಮಾರೋ ಒಂದು ಡೇಟಾಬೇಸ್‌ಗೆ ಚಂದಾ ಕಟ್ಟಿದೆ, ಆ ದುಡ್ಡು ದಂಡ.

ಯಾಕಂದ್ರೆ ಅಲ್ಲಿರೋ ನಂಬರ್ ಬಹುಪಾಲು ಅಂದಾಜು. ಆನ್‌ಲೈನ್ ಫಾರ್ಮ್ ಮಾಡಿಕೊಡೋ ಒಂದು ಟೂಲ್‌ನ ಪುಟ ತೆಗೆದ್ರೆ ‘ನೌಕರರು 2ರಿಂದ 10, ವಾರ್ಷಿಕ ಆದಾಯ 10 ಲಕ್ಷದಿಂದ 50 ಲಕ್ಷ ಡಾಲರ್’ ಅಂತಿತ್ತು, ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಟೂಲ್‌ನ ಪುಟದಲ್ಲೂ ಅದೇ ಸಾಲು! ತಲೆ ಎಣಿಸಿ ಆದಾಯ ಊಹೆ ಮಾಡೋ ಲೆಕ್ಕ ಇದು. ದೊಡ್ಡ ಕಂಪನಿಗೆ ಒಂದು ಮಟ್ಟಿಗೆ ನಡೆಯುತ್ತೇನೋ, ಆದ್ರೆ ಇಬ್ಬರೇ ಕೂತು ಚೆನ್ನಾಗಿ ದುಡಿಯೋ ಕಂಪನಿನೂ ಇರುತ್ತೆ, ಹತ್ತು ಜನ ಇದ್ದೂ ಸಂಬಳಕ್ಕೆ ಒದ್ದಾಡೋದೂ ಇರುತ್ತೆ, ಇಂಥ ಕಡೆ ತಲೆ ಲೆಕ್ಕದಿಂದ ಏನೂ ಗೊತ್ತಾಗಲ್ಲ.

ಅದಕ್ಕಿಂತ ಸಿಟ್ಟು ಬಂದಿದ್ದು ತಾರೀಖೇ ಇಲ್ಲದ್ದಕ್ಕೆ. ಆ ಆದಾಯ ಈ ವರ್ಷದ್ದಾ, ಸಂಸ್ಥಾಪಕರು ಯಾವಾಗಲೋ ಸಂದರ್ಶನದಲ್ಲಿ ಹೇಳಿದ್ದಾ, ಒಂದೂ ತಿಳಿಯಲ್ಲ. ಬಾಗಿಲು ಹಾಕಿರೋ ಪ್ರಾಡಕ್ಟ್‌ಗೂ ಆದಾಯ ತೋರಿಸ್ತಿತ್ತು, ಸಪೋರ್ಟ್‌ಗೆ ಬರೆದು ಕೇಳಿದ್ರೆ ‘ನಮ್ಮ ಮಾಡೆಲ್ ಪ್ರಕಾರ’ ಅನ್ನೋ ಉತ್ತರ.

ಓಪನ್ ಡ್ಯಾಶ್‌ಬೋರ್ಡ್‌ನಲ್ಲಿ ಈ ತಲೆನೋವಿಲ್ಲ. ಚಂದಾ ಆದಾಯದ ಲೆಕ್ಕ ತೋರಿಸೋ ಬೇರ್‌ಮೆಟ್ರಿಕ್ಸ್ ಕಂಪನಿಯ ಓಪನ್ ಸ್ಟಾರ್ಟಪ್ಸ್ ಪುಟದ ಥರದ್ದರಲ್ಲಿ ಪೇಮೆಂಟ್ ಖಾತೆಯಿಂದಲೇ ನಂಬರ್ ಬರುತ್ತೆ, ಕೈಯಲ್ಲಿ ಟೈಪ್ ಮಾಡಿದ್ದಲ್ಲ. ಬ್ಲಾಗ್ ನಡೆಸೋ ಸಾಫ್ಟ್‌ವೇರ್ ಘೋಸ್ಟ್ ತನ್ನ ಆದಾಯನ ಸ್ವಂತ ಸೈಟಲ್ಲೇ ಹಾಕಿದೆ. ಸೋಶಿಯಲ್ ಮೀಡಿಯಾ ಪೋಸ್ಟ್ ಶೆಡ್ಯೂಲ್ ಮಾಡೋ ಟೂಲ್‌ನ ಬಫರ್ 2013ರಲ್ಲೇ ನೌಕರರ ಸಂಬಳ ಬಹಿರಂಗ ಮಾಡಿದ ಕಂಪನಿ, ಆದಾಯನೂ ತೋರಿಸುತ್ತೆ. ಅದು ಶುರುವಿಂದ ಬೂಟ್‌ಸ್ಟ್ರ್ಯಾಪ್ಡ್ ಅಲ್ಲ, 2018ರಲ್ಲಿ ಸುಮಾರು 33 ಲಕ್ಷ ಡಾಲರ್ ಕೊಟ್ಟು ಮುಖ್ಯ ಹೂಡಿಕೆದಾರರನ್ನ ಹೊರಗೆ ಕಳಿಸ್ತು, ಹೋಲಿಸುವಾಗ ಅದು ನೆನಪಿರಲಿ. ಗ್ರಾಫ್ ಸಿಕ್ಕ ಕಡೆ ಏರಿದ್ದರ ಜೊತೆ ಇಳಿದಿದ್ದೂ ಕಾಣುತ್ತೆ, ನನಗೆ ಬೇಕಾಗಿದ್ದು ಅದೇ.

ಕೊರತೆ ಇದೆ. ಇಲ್ಲಿ ಸಿಗೋದು ತೋರಿಸೋಕೆ ಒಪ್ಪಿದ ಕೆಲವರು ಮಾತ್ರ, ಅದರಲ್ಲೂ ಕಾಪಿ ಹೊಡೆಯೋರ ಕಾಟಕ್ಕೆ ಎಷ್ಟೋ ಜನ ಮುಚ್ಚಿಬಿಡ್ತಾರೆ. ಎಮ್‌ಆರ್‌ಆರ್‌ನೂ (ಚಂದಾದಿಂದ ತಿಂಗಳಿಗೆ ಇಷ್ಟು ಅಂತ ಲೆಕ್ಕ ಹಾಕೋ ಆದಾಯ) ಆ ತಿಂಗಳು ಖಾತೆಗೆ ಬಿದ್ದ ದುಡ್ಡನ್ನೂ ಒಂದೇ ಅಂದ್ಕೋಬೇಡಿ: ಒಬ್ಬ ಗ್ರಾಹಕ ವರ್ಷಕ್ಕೆ 1,200 ಡಾಲರ್ ಒಟ್ಟಿಗೆ ಕಟ್ಟಿದ್ರೆ ಖಾತೆಗೆ ಬರೋದು 1,200, ಎಮ್‌ಆರ್‌ಆರ್‌ಗೆ ಸೇರೋದು 100 ಅಷ್ಟೇ.

ಸಣ್ಣ ಕಂಪನಿ ಕಟ್ಟೋರು ತಮ್ಮ ಆದಾಯ, ಅನುಭವ ಹಂಚ್ಕೊಳ್ಳೋ ಇಂಡೀ ಹ್ಯಾಕರ್ಸ್ ಸೈಟ್ ನನ್ನ ಎರಡನೇ ಆಯ್ಕೆ. 2016ರಲ್ಲಿ ಶುರುವಾಗಿ ಮರುವರ್ಷವೇ ಆನ್‌ಲೈನ್ ಪೇಮೆಂಟ್ ಕಂಪನಿ ಸ್ಟ್ರೈಪ್ ಕೈಗೆ ಹೋಗಿ, 2023ರಲ್ಲಿ ಮತ್ತೆ ಸ್ವತಂತ್ರ ಆಯ್ತು. ಸ್ಟ್ರೈಪ್‌ನಿಂದ ವೆರಿಫೈ ಆಗಿರೋ ಆದಾಯನ ಮಾತ್ರ ನಾನು ಲೆಕ್ಕಕ್ಕೆ ತಗೋತೀನಿ, ತಾವೇ ಹೇಳ್ಕೊಂಡಿದ್ದನ್ನ ಓದಿ ಬಿಟ್ಬಿಡ್ತೀನಿ.

ಕಂಪನಿಗಳನ್ನೇ ಮಾರಾಟಕ್ಕಿಡೋ ಅಕ್ವೈರ್ ಡಾಟ್ ಕಾಮ್ ಥರದ ಸೈಟ್ ಕೊಳ್ಳೋರಿಗೆ ಸರಿ, ಲಾಭನೂ ಕಾಣುತ್ತೆ, ಹೆಸರು ಮಾತ್ರ ಮುಚ್ಚಿಟ್ಟಿರ್ತಾರೆ. ಎಕ್ಸ್‌ನಲ್ಲಿ (ಹಳೇ ಟ್ವಿಟರ್) ಹಾಕೋ ಆದಾಯದ ಸ್ಕ್ರೀನ್‌ಶಾಟ್ ಬೇಡವೇ ಬೇಡ, ಬ್ರೌಸರ್‌ನಲ್ಲೇ ನಂಬರ್ ತಿದ್ದಬಹುದು.

ನೂರಾರು ಕಂಪನಿಗಳ ಪಟ್ಟಿ ಎಳೆದು ಸೇಲ್ಸ್ ಇಮೇಲ್ ಕಳಿಸೋರಾದ್ರೆ ಡೇಟಾಬೇಸ್ ತಗೊಳ್ಳಿ, ಅಂದಾಜೇ ಸಾಕು. ನನ್ನ ಥರ ಕೈಯಿಂದ ದುಡ್ಡು ಹಾಕಿ ಟೂಲ್ ಕಟ್ಟೋರು ಆ ದುಡ್ಡು ಉಳಿಸಿ, ನಿಮ್ಮ ಟೂಲ್‌ಗೆ ಹತ್ತಿರದ ನಾಲ್ಕೈದು ಓಪನ್ ಡ್ಯಾಶ್‌ಬೋರ್ಡ್ ಹುಡುಕಿ, ಪ್ರತಿ ನಂಬರ್ ಪಕ್ಕ ನೋಡಿದ ತಾರೀಖು ಬರೆದು ಶೀಟಲ್ಲಿ ಹಾಕ್ಕೊಳ್ಳಿ.