ಸುನೀತ: ಪೆಟ್ರಾರ್ಕನ ದಾರಿಯೋ, ಶೇಕ್ಸ್‌ಪಿಯರನ ದಾರಿಯೋ?

ಸುನೀತವೆಂದರೆ ಇಂಗ್ಲಿಷಿನ ಸಾನೆಟ್; ಎರಡು ದಾರಿಗೂ 14 ಸಾಲು. 13ನೇ ಶತಮಾನದ ಸಿಸಿಲಿಯಲ್ಲಿ ಹುಟ್ಟಿದ ಸುನೀತವನ್ನು ಇಟಲಿಯ ಕವಿ ಪೆಟ್ರಾರ್ಕ ಬೆಳಗಿಸಿದ್ದು 8+6 ಸಾಲುಗಳ ಎರಡು ಭಾಗವಾಗಿ. ಶೇಕ್ಸ್‌ಪಿಯರನೂ ಸೇರಿ ಇಂಗ್ಲಿಷಿನವರು ಅದನ್ನು 4+4+4+2 ಮಾಡಿಕೊಂಡರು.

ಚಿಕ್ಕಮಗಳೂರಿನ ಕಾಫಿ ಹೂವಿನ ಮೇಲೆ ಬರೆಯುವುದಾದರೆ ಪೆಟ್ರಾರ್ಕನದೇ ಸರಿ: ಎಂಟು ಸಾಲಲ್ಲಿ ತೋಟವೆಲ್ಲ ಬೆಳ್ಳಗಾಗಲಿ, ಒಂಬತ್ತನೆಯದರಲ್ಲಿ ಹೂ ಕಂದಲಿ. ಆ ತಿರುವಿಲ್ಲದಿದ್ದರೆ ಬರಿಯ ವರ್ಣನೆ. ಕಷ್ಟವೆಲ್ಲ ಸಾಲಿನ ಕೊನೆಯ ಪ್ರಾಸದ್ದು: 1, 4, 5, 8ನೇ ಸಾಲಿಗೆ ಒಂದೇ ಪ್ರಾಸ, 2, 3, 6, 7ಕ್ಕೆ ಇನ್ನೊಂದು. ಪದ ಸಿಗದಾಗ ಕೈ ವಿಭಕ್ತಿಗೆ ಹೋಗುತ್ತದೆ; ಬರಿಯ ‘ಅಲಿ’ ಕೂಡುವ ‘ಗಿಡದಲಿ–ಮಳೆಯಲಿ’ ಟೊಳ್ಳು, ಪದವೂ ಕೂಡುವ ‘ಎಳೆಯಲಿ–ಮಳೆಯಲಿ’ ಗಟ್ಟಿ.

ಶೇಕ್ಸ್‌ಪಿಯರನದಕ್ಕೆ ಪ್ರಾಸಕ್ಕೆರಡು ಪದ ಸಾಕು, ಹೊಸಬರಿಗೆ ಹಗುರ. ಆದರೆ ಕೊನೆಯ ದ್ವಿಪದಿ ಉಪದೇಶವಾಗಿಬಿಡುತ್ತದೆ, ಎಚ್ಚರ. ಛಂದಸ್ಸಿಗೆ ಐದು ಮಾತ್ರೆಯ ನಾಲ್ಕು ಗಣ ಎರಡಕ್ಕೂ ಒಗ್ಗುತ್ತದೆ.